ಮೂವರು ಮೇಷ್ಟ್ರು, ಮೂವರು ಶಿಷ್ಯರು, ಒಂದು ಕಂಪ್ರೆಸರ್

ಕೆಟ್ಟುಹೋದ ಮೆಷಿನ್ ರಿಪೇರಿ ಮಾಡುವ ಜಾಗದಲ್ಲಿ ವಾರಕ್ಕೊಂದಾದರೂ ನಗುವ ಸಂಗತಿ ನಡೆಯದಿದ್ದರೆ ಆ ವಾರ ಕಾರ್ಖಾನೆಗೆ ರಜೆ ಇತ್ತು ಅಂತಲೇ ಅರ್ಥ. ನಾನು ಪೀಣ್ಯದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗದ ಆಫೀಸು ನೋಡಿಕೊಳ್ಳುವವಳು. ಏನು ಕೆಟ್ಟಿತು, ಯಾರು ಹೋದರು, ಎಷ್ಟು ಹೊತ್ತಿಗೆ ಸರಿಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಹಳಬರು ನಿವೃತ್ತರಾಗಿ ಹೊಸಬರು ಬಂದ ಆ ಒಂದು ವರ್ಷದಲ್ಲಿ ರಿಜಿಸ್ಟರಿನಲ್ಲಿ ಬರೆಯಲಾಗದ್ದೇ ಜಾಸ್ತಿ ನಡೆಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ದಿನ ಹುಟ್ಟಿದವರು

ನಮ್ಮ ವಿಭಾಗ ಅಂದರೆ ಮೂರು ಜನ. ಒಬ್ಬರು ಫಿಟ್ಟರ್, ಅವರ ತಮ್ಮ ಪ್ಲಂಬರ್, ಇನ್ನೊಬ್ಬರು ಎಲೆಕ್ಟ್ರಿಷಿಯನ್. ಮೂವರೂ ಮಾದನಾಯಕನಹಳ್ಳಿ ಪಕ್ಕದ ಒಂದೇ ಊರಿನವರು. ಕಾರ್ಖಾನೆ ಶುರುವಾದಾಗ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಕಾರ್ಖಾನೆಯ ಗಾಳಿ, ನೀರು, ಕರೆಂಟು ಎಲ್ಲವೂ ಈ ಮೂವರ ತಲೆಯೊಳಗಿತ್ತು. ಕಾಗದದ ಮೇಲೆ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಎಚ್‌ಆರ್ ವಿಭಾಗದ ಹೊಸ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ಓಡಿ ಬಂದಳು.

"ಮೇಡಂ, ನಿಮ್ಮ ಮೂರೂ ಜನ ಒಂದೇ ದಿನ ರಿಟೈರ್ ಆಗ್ತಿದ್ದಾರೆ. ಬರೋ ಜೂನ್ ಕೊನೆಗೆ. ಸಿಸ್ಟಮ್ಮಲ್ಲಿ ಏನೋ ತಪ್ಪಾಗಿದೆ."

ಮೂವರನ್ನೂ ಕರೆಸಿದೆವು. ಫಿಟ್ಟರ್ ಪರದೆ ನೋಡಿ ತಲೆಯಾಡಿಸಿದರು.

"ತಪ್ಪೇನಿಲ್ಲ ಕಣಮ್ಮ. ಇಸ್ಕೂಲಿಗೆ ಸೇರ್ಸ್ಕೊಳ್ವಾಗ ನಮ್ಮ ಎಡ್‌ಮೇಷ್ಟ್ರು ಎಲ್ಲಾರ್ಗೂ ಇಸ್ಕೂಲು ಸುರುವಾದ ದಿನಾನೇ ಬರ್ದವ್ರೆ. ನಮ್ಮೂರಲ್ಲಿ ಬೇರೆ ದಿನ ಉಟ್ಟಿರೋರು ಯಾರೂ ಇಲ್ಲ."

"ವರ್ಷಾನೂ ಒಂದೇ ಇದೆಯಲ್ಲ?"

"ಒಂದೇ ದಿನ ಕರ್ಕೊಂಡೋಗಿ ಸೇರ್ಸಿದ್ರು. ವರ್ಸಾನೂ ಒಂದೇ ಬರ್ದ್ರು."

ಹುಡುಗಿ ಇನ್ನೊಮ್ಮೆ ಪರದೆ ನೋಡಿದಳು. "ನಿಮ್ಮಿಬ್ಬರ ತಂದೆ ಹೆಸರೂ ಒಂದೇ. ನೀವು ಅವಳಿ-ಜವಳಿನಾ?"

"ಇಲ್ಲ ಬುಡಮ್ಮ. ಇವ್ನು ನನ್ಗಿಂತ ಮೂರು ವರ್ಸ ಚಿಕ್ಕೋನು."

ಹುಡುಗಿ ಗಾಬರಿಯಾದಳು. ಇದು ದಾಖಲೆಯ ತಪ್ಪು, ಜನನ ಪತ್ರ ತಂದುಕೊಟ್ಟರೆ ನಿಜವಾದ ವಯಸ್ಸು ಸೇರಿಸಬಹುದು, ಹೆಡ್ ಆಫೀಸಿಗೆ ಬರೆಯುತ್ತೇನೆ ಎಂದೆಲ್ಲ ಹೇಳಿದಳು. ಅಣ್ಣನ ಪಕ್ಕದಲ್ಲಿದ್ದ ಪ್ಲಂಬರ್ ಮೆಲ್ಲಗೆ ಬಾಯಿ ಬಿಟ್ಟರು.

"ಬ್ಯಾಡ ತಾಯಿ. ನಂದು ಸರಿಯಾಗೇ ಐತೆ. ನಿಜಾ ಬರ್ದ್ರೆ ನಮ್ಮಣ್ಣ ಮೂರು ವರ್ಸದ ಇಂದೇನೇ ಮನೇಗೋಗ್ಬೇಕಿತ್ತು. ಅವ್ನು ಮಾಡಿರೋ ಕೆಲ್ಸಾನೆಲ್ಲ ನೀವು ವಾಪಸ್ ಕೊಡ್ತೀರಾ?"

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು.

ಎರಡು ಸಲ

ಮ್ಯಾನೇಜರ್ ನನ್ನನ್ನು ಕರೆದು ಲೆಕ್ಕ ಹೇಳಿದರು. ಇನ್ನು ಹತ್ತು ತಿಂಗಳು. ಮೂರು ಜನ ಹೊಸಬರನ್ನು ತೆಗೆದುಕೊಳ್ಳೋಣ. ಇವರ ತಲೆಯಲ್ಲಿ ಇರುವುದೆಲ್ಲ ಅವರ ತಲೆಗೆ ಹೋಗಬೇಕು. ಹೋಗದಿದ್ದರೆ ಜುಲೈನಲ್ಲಿ ಮೊದಲ ಸಲ ಮೆಷಿನ್ ಕೆಟ್ಟ ದಿನ ಪಂಪು ಜೋಡಿಸುವ ಲೈನ್ ನಿಲ್ಲುತ್ತದೆ, ಜೊತೆಗೆ ನಾವಿಬ್ಬರೂ ಮನೆಗೆ ಹೋಗುತ್ತೇವೆ.

ಸಂದರ್ಶನಕ್ಕೆ ಐಟಿಐ ಮುಗಿಸಿದ ಬೇಕಾದಷ್ಟು ಜನ ಬಂದರು. ಪ್ರಶ್ನೆ ಕೇಳಲು ಮೂವರು ಹಳಬರನ್ನೇ ಕೂರಿಸಿದೆವು. ಫಿಟ್ಟರ್ ಒಬ್ಬ ಕೋಲಾರದ ಹುಡುಗನನ್ನು ಆರಿಸಿದರು. ಅವನು ಸಂದರ್ಶನದಲ್ಲೂ ನೋಟ್‌ಬುಕ್ ತೆಗೆದು ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡ. ಪ್ಲಂಬರ್ ಆರಿಸಿದ್ದು ಬಿಜಾಪುರ ಕಡೆಯ ಆರಡಿ ಆಳನ್ನು. ಕಾರಣ ಕೇಳಿದರೆ, "ಎಟುಕ್ತಾನೆ" ಅಂದರು.

ಎಲೆಕ್ಟ್ರಿಷಿಯನ್ ಮಾತ್ರ ಯಾರನ್ನೂ ಒಪ್ಪಲಿಲ್ಲ. ಕೊನೆಗೆ ರಾಯಚೂರು ಕಡೆಯ ಒಬ್ಬ ಹುಡುಗಿ ಒಳಗೆ ಬಂದಳು. ಕೈಯಲ್ಲಿ ಸರ್ಟಿಫಿಕೇಟು, ಕಾಲಲ್ಲಿ ಆಗಲೇ ಸೇಫ್ಟಿ ಶೂ. ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ಮುಟ್ಟಲಿಲ್ಲ.

"ಶಾಕ್ ಹೊಡೆಸ್ಕೊಂಡಿದ್ದೀಯಾ?"

"ಹೂಂರಿ ಸರ್. ಎರಡ ಸಲ."

"ಭಯ ಆಗ್ಲಿಲ್ವಾ?"

"ಭಾಳ ಆತ್ರಿ."

"ಮತ್ತೆ ಇದೇ ಕೆಲ್ಸಕ್ಕೆ ಯಾಕ್ ಬಂದೆ?"

"ಮೂರನೇದು ಹೊಡೀಬಾರದು ಅಂದ್ರ ಹೆಂಗ ಮಾಡ್ಬೇಕು ಅಂತ ಕಲಿಯಾಕ ಬಂದೀನ್ರಿ."

ಎಲೆಕ್ಟ್ರಿಷಿಯನ್ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ತಗೊಂಡುಬಿಡಿ ಮೇಡಂ. ನಂಗೆ ಈ ಬುದ್ಧಿ ಹನ್ನೆರಡು ಹೊಡೆದ ಮೇಲೆ ಬಂತು."

ತೆಗಿ

ಬಿಜಾಪುರದವನು ಮೊದಲ ದಿನವೇ "ಫ್ಯಾನ್ ಹಚ್ಚಲೇನ್ರಿ?" ಎಂದು ಕೇಳಿ ಪ್ಲಂಬರನ್ನು ಬೆಚ್ಚಿಬೀಳಿಸಿದ್ದ. ಬೆಂಕಿ ಹಚ್ಚುವುದಲ್ಲ, ಸ್ವಿಚ್ ಹಾಕುವುದು ಎಂದು ತಿಳಿದ ಮೇಲೆ, ಕನ್ನಡ ಎರಡಿದ್ದರೂ ಕೆಲಸ ಒಂದೇ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ಆದರೆ ತೊಂದರೆ ಬಂದದ್ದು ಇಬ್ಬರಿಗೂ ಗೊತ್ತಿದ್ದ ಮಾತಿನಿಂದ.

ಆ ದಿನ ಕ್ಯಾಂಟೀನಿಗೆ ನೀರು ಬರುತ್ತಿರಲಿಲ್ಲ. ಪ್ಲಂಬರ್ ನನ್ನ ಮೇಜಿನ ಪಕ್ಕ ನಿಂತೇ ಶಿಷ್ಯನಿಗೆ ಹೇಳಿದರು: "ಕ್ಯಾಂಟೀನ್ ಇಂದ್ಗಡೆ ಟ್ಯಾಂಕಿಂದ ಬರೋ ಪೈಪಲ್ಲಿ ಒಂದು ವಾಲ್ವ್ ಐತೆ. ಓಗಿ ತೆಗಿ."

"ಪೂರಾ ತಗೀಲೇನ್ರಿ?"

"ಪೂರ್ತಿ ತೆಗಿ."

"ಪಾನಾ ಬೇಕಾಗ್ತದಲ್ರಿ?"

"ತಗೊಂಡೋಗು. ಬಾಳ ದಿನ ಆಗೈತೆ, ಗಟ್ಟಿ ಇಡ್ಕೊಂಡಿರ್ತದೆ."

ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಕಾಲು ಗಂಟೆ ಕಳೆಯಿತು. ಕ್ಯಾಂಟೀನ್ ಕಡೆಯಿಂದ ಮೊದಲು ಕೂಗಾಟ ಬಂತು, ಆಮೇಲೆ ಅಡುಗೆಯವರು ಬಂದರು, ಆಮೇಲೆ ನೀರು ಬಂತು. ಅನ್ನದ ಪಾತ್ರೆಯ ಮುಚ್ಚಳವೊಂದು ತೇಲುತ್ತ ನಮ್ಮ ಬಾಗಿಲವರೆಗೂ ಬಂತು. ಅದರ ಹಿಂದೆ ಬಿಜಾಪುರದವನು ಅಡಿಯಿಂದ ಮುಡಿಯವರೆಗೆ ತೊಯ್ದು, ಎರಡೂ ಕೈಯಲ್ಲಿ ಪ್ರಸಾದ ತಂದಂತೆ ಆ ವಾಲ್ವನ್ನು ಹಿಡಿದುಕೊಂಡು ಬಂದ.

"ತಗದೀನ್ರಿ. ಎಲ್ಲಿ ಇಡ್ಲಿ?"

ಪ್ಲಂಬರ್ ಆ ವಯಸ್ಸಿನಲ್ಲೂ ಓಡಿದರು. ಮೇನ್ ಲೈನ್ ಮುಚ್ಚಿ, ಒದ್ದೆ ಪ್ಯಾಂಟಿನಲ್ಲಿ ವಾಪಸ್ ಬಂದರು. ಬೈಯುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ವಾಲ್ವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ತುಕ್ಕು ಹಿಡಿದ ತಿರುಪಿನ ಸುತ್ತುಗಳನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು.

"ಮೇಡಂ, ಇದನ್ನ ಬಿಚ್ಚೋಕೆ ಇಪ್ಪತ್ತು ವರ್ಸದಿಂದ ನಾನು ಒದ್ದಾಡಿದೀನಿ. ಆಗಿರ್ಲಿಲ್ಲ." ಅವನ ಬೆನ್ನು ತಟ್ಟಿದರು. "ಇವ್ನು ಪಾಸು ಅಂತ ಬರ್ಕೊಳಿ."

ಹಂತ ಮೂರು ಮತ್ತು ಹಂತ ನಾಲ್ಕು

ಹೀಗೆ ಬಾಯಿಮಾತಿನಲ್ಲಿ ಕಲಿಸಿದರೆ ಆಗುವುದಿಲ್ಲ ಎಂದು ಮ್ಯಾನೇಜರ್ ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಿಂದ ಸಲಹೆಗಾರರೊಬ್ಬರನ್ನು ಕರೆಸಿದರು. ಹಳಬರು ಮಾಡುವುದನ್ನೆಲ್ಲ ನೋಡಿ, ಹಂತ ಹಂತವಾಗಿ ಬರೆದುಕೊಡುವುದು ಅವರ ಕೆಲಸ. ಅಚ್ಚುಕಟ್ಟಾದ ಮನುಷ್ಯ. ಒಂದು ವಾರ ಫಿಟ್ಟರ್ ಹಿಂದೆ ನೆರಳಿನಂತೆ ಓಡಾಡಿದರು.

ನಮ್ಮ ದೊಡ್ಡ ಕಂಪ್ರೆಸರ್ ಇಡೀ ಕಾರ್ಖಾನೆಗೆ ಗಾಳಿ ಕೊಡುವ ಮೆಷಿನ್. ಹಳೆಯದು. ಆಗಾಗ ತಾನಾಗಿ ನಿಂತುಬಿಡುತ್ತಿತ್ತು. ನಿಂತಾಗ ಏನು ಮಾಡಬೇಕು ಎಂದು ಸಲಹೆಗಾರರು ಬರೆದ ಕಾಗದ ನನ್ನ ಮೇಜಿಗೆ ಬಂತು.

ಹಂತ ಒಂದು: ಮೇನ್ ಸ್ವಿಚ್ ಆರಿಸುವುದು. ಹಂತ ಎರಡು: ಪಕ್ಕದ ಬಾಗಿಲು ತೆರೆಯುವುದು. ಹಂತ ಮೂರು: "ನಿನ್ ಮನೆ ಹಾಳಾಗಾ" ಎಂದು ಹೇಳಿ ಒಂದು ಏಟು ಕೊಡುವುದು. ಹಂತ ನಾಲ್ಕು: ಹೊರಗೆ ಹೋಗಿ ಟೀ ಕುಡಿದು ಬರುವುದು. ಹಂತ ಐದು: ಬಾಗಿಲು ಮುಚ್ಚಿ ಮತ್ತೆ ಚಾಲೂ ಮಾಡುವುದು.

ಮ್ಯಾನೇಜರ್ ಕೆಂಪು ಪೆನ್ನು ತೆಗೆದು ಮೂರನ್ನೂ ನಾಲ್ಕನ್ನೂ ಹೊಡೆದುಹಾಕಿದರು. ಉಳಿದ ಮೂರು ಹಂತಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕಂಪ್ರೆಸರ್ ಪಕ್ಕ ಗೋಡೆಗೆ ಅಂಟಿಸಿದೆವು.

ಮುಂದಿನ ವಾರ ಕಂಪ್ರೆಸರ್ ನಿಂತಿತು. ಫಿಟ್ಟರ್ ಅವತ್ತು ರಜೆ. ಕೋಲಾರದವನು ನೋಟ್‌ಬುಕ್ ನೋಡದೆ ಗೋಡೆ ನೋಡಿ ಅಕ್ಷರಶಃ ಪಾಲಿಸಿದ. ಆರಿಸಿದ, ತೆರೆದ, ಮುಚ್ಚಿದ, ಚಾಲೂ ಮಾಡಿದ. ಒಂದು ನಿಮಿಷ ಓಡಿ ನಿಂತಿತು. ಮತ್ತೆ ಮಾಡಿದ. ಮತ್ತೆ ನಿಂತಿತು. ಮೂರನೇ ಸಲ ಮಾಡಿದಾಗ ಮೆಷಿನ್ ಅಲುಗಲೇ ಇಲ್ಲ. ಲೈನಿನಲ್ಲಿ ಗಾಳಿಯಿಲ್ಲದೆ ಎಲ್ಲರೂ ಕೈಕಟ್ಟಿ ನಿಂತರು. ಮ್ಯಾನೇಜರ್ ಕಂಪ್ರೆಸರ್ ಕೋಣೆಗೇ ಬಂದು ನಿಂತರು. ಕೋಲಾರದವನು ಗೋಡೆಯ ಕಾಗದವನ್ನು ಮತ್ತೊಮ್ಮೆ ಓದಿದ.

ಫಿಟ್ಟರಿಗೆ ಫೋನ್ ಹಾಕಿ ಸ್ಪೀಕರಿನಲ್ಲಿಟ್ಟೆ.

"ಟೀ ಕುಡುದ್ಯೇನೋ?" ಅವರ ಮೊದಲ ಪ್ರಶ್ನೆ.

"ಇಲ್ಲಣ್ಣ. ಆ ಹಂತ ತೆಗೆದುಬಿಟ್ಟಿದ್ದಾರೆ."

"ತೆಗೆದವ್ರಾ? ಯಾವನೋ ಅವ್ನು ಬುದ್ಧಿವಂತ? ಅದು ಕಾದು ಕಾದು ನಿಂತಿರೋದು. ಬಾಗ್ಲು ತೆಗೆದು ಅದ್ರ ಬಿಸಿ ಇಳಿಯೋಗಂಟ ಬಿಡ್ಬೇಕು. ನಮ್ಮ ಗೇಟ್ ಆಚೆ ಅಂಗಡೀಗೋಗಿ ಟೀ ಕುಡ್ದು ಬರೋಕೆ ಇಪ್ಪತ್ತು ನಿಮಿಸ ಬೇಕು. ಅದ್ಕೂ ಅಷ್ಟೇ ಬೇಕು. ನಾನೇನು ಟೀ ನಂಗೆ ಅಂತ ಕುಡೀತಿದ್ನಾ?"

ಬುದ್ಧಿವಂತರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಇಪ್ಪತ್ತು ನಿಮಿಷ ಕಾದೆವು. ಕಂಪ್ರೆಸರ್ ಹೊಸ ಮದುಮಗಳ ಹಾಗೆ ಸದ್ದಿಲ್ಲದೆ ಎದ್ದಿತು. ಮ್ಯಾನೇಜರ್ ಕಾಗದದಲ್ಲಿ ನಾಲ್ಕನೇ ಹಂತವನ್ನು ತಾವೇ ಮತ್ತೆ ಬರೆದರು. ಆಮೇಲೆ ಅನುಮಾನ ಬಂದು ಫಿಟ್ಟರಿಗೆ ಮತ್ತೆ ಫೋನ್ ಹಾಕಿಸಿ ಕೇಳಿದರು:

"ಮೂರನೇ ಹಂತಾನೂ ಇರ್ಬೇಕಾ? ಆ ಬೈಯೋದು?"

"ನಾಕ್ನೇದು ಮಿಷನ್ ಬಿಸಿ ಇಳಿಯೋಕೆ ಸಾ. ಮೂರ್ನೇದು ನನ್ನ ಬಿಸಿ ಇಳಿಯೋಕೆ."

ಎಂಟು ಹೆಜ್ಜೆ

ನೆಲದೊಳಗಿನ ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ ಎನ್ನುವುದಕ್ಕೆ ನಕ್ಷೆ ಇರಲಿಲ್ಲ. ಪ್ಲಂಬರ್ ಹೇಳಬೇಕು, ನಾನು ಬರೆದುಕೊಳ್ಳಬೇಕು ಎಂದಾಯಿತು. ಅವರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಹೇಳಿದರು.

"ಮುಂದ್ಗಡೆ ಒಂಗೆ ಮರ ಐತಲ್ಲ, ಅಲ್ಲಿಂದ ಸೈಕಲ್ ಸ್ಟ್ಯಾಂಡ್ ಕಡೆ ಎಂಟು ಎಜ್ಜೆ. ಅಲ್ಲಿ ಜಾಯಿಂಟು."

"ಆ ಮರ ಕಡಿದು ಎಷ್ಟೋ ವರ್ಷ ಆಯ್ತು. ಸೈಕಲ್ ಸ್ಟ್ಯಾಂಡೂ ಈಗಿಲ್ಲ."

"ಅದ್ಕೆ ನಾನೇನ್ಮಾಡ್ಲಿ ಮೇಡಂ. ಪೈಪಂತೂ ಅಲ್ಲೇ ಐತೆ."

ಮೂರ್ನಾಲ್ಕು ದಿನದಲ್ಲಿ ಆ ಜಾಯಿಂಟೇ ಸೋರಲು ಶುರುವಾಯಿತು. ಪ್ಲಂಬರಿಗೆ ಅವತ್ತು ಮಂಡಿನೋವು. ಆಫೀಸಿನ ಕಿಟಕಿಯಿಂದಲೇ ಮರವಿದ್ದ ಜಾಗ ತೋರಿಸಿದರು. ಬಿಜಾಪುರದವನು ಅಲ್ಲಿ ನಿಂತು ಎಂಟು ಹೆಜ್ಜೆ ಹಾಕಿ ಅಗೆದ. ಪೈಪಿಲ್ಲ. ದಿಕ್ಕು ಸ್ವಲ್ಪ ತಪ್ಪಿರಬೇಕೆಂದು ಎಡಕ್ಕೆ ತಿರುಗಿ ಮತ್ತೆ ಎಂಟು ಹೆಜ್ಜೆ. ಇಲ್ಲ. ಬಲಕ್ಕೆ ಎಂಟು. ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಮುಂದಿನ ಹುಲ್ಲುಹಾಸಿನ ಮೇಲೆ ಸೊಂಟದಾಳದ ಮೂರು ಗುಂಡಿಗಳಾಗಿದ್ದವು.

ಅದೇ ಹೊತ್ತಿಗೆ ನಮ್ಮ ದೊಡ್ಡ ಗಿರಾಕಿ ಕಂಪನಿಯವರು ಎರಡು ಕಾರಿನಲ್ಲಿ ಬಂದಿಳಿದರು. ಜೊತೆಗೆ ಮ್ಯಾನೇಜರ್. ಅತಿಥಿಯೊಬ್ಬರು ಗುಂಡಿಯೊಳಗೆ ಬಗ್ಗಿ ನೋಡಿ, "ಇದೇನು?" ಎಂದರು. ಗುಂಡಿಯೊಳಗಿಂದ ಬಿಜಾಪುರದವನು ಮೇಲೆ ನೋಡಿದ. ಮ್ಯಾನೇಜರ್ ಒಂದು ಕ್ಷಣವೂ ತಡವರಿಸಲಿಲ್ಲ.

"ಮಳೆನೀರು ಇಂಗುಗುಂಡಿ. ಪರಿಸರದ ವಿಷಯದಲ್ಲಿ ನಾವು ಸ್ವಲ್ಪ ಮುಂದೆ."

ಅತಿಥಿಗಳು ಬಹಳ ಮೆಚ್ಚಿದರು. ಗುಂಡಿಯ ಜೊತೆ ಫೋಟೋ ತೆಗೆಸಿಕೊಂಡರು. ಬಿಜಾಪುರದವನನ್ನು ನಡುವೆ ನಿಲ್ಲಿಸಿಕೊಂಡರು.

ಅವರು ಹೋದ ಮೇಲೆ ಪ್ಲಂಬರ್ ಕುಂಟುತ್ತ ಬಂದರು. ಮರವಿದ್ದ ಜಾಗದಿಂದ ತಮ್ಮ ಗಿಡ್ಡ ಕಾಲಲ್ಲಿ ಎಂಟು ಹೆಜ್ಜೆ ಹಾಕಿ ನಿಂತರು. ಶಿಷ್ಯ ನಿಲ್ಲುತ್ತಿದ್ದ ಜಾಗಕ್ಕಿಂತ ಎಷ್ಟೋ ಹಿಂದೆ. ಅಗೆದರೆ ಅಲ್ಲೇ ಪೈಪು, ಅಲ್ಲೇ ಜಾಯಿಂಟು. ನಾನು ನಕ್ಷೆಯ ಮೂಲೆಯಲ್ಲಿ "ಅಳತೆ: ಪ್ಲಂಬರ್ ಹೆಜ್ಜೆ" ಎಂದು ಬರೆದು, ಟೇಪು ತರಿಸಿ ಅವರ ಒಂದು ಹೆಜ್ಜೆಯನ್ನು ಅಳೆದುಕೊಂಡೆ.

ವಾರದೊಳಗೆ ಹೆಡ್ ಆಫೀಸಿನಿಂದ ಪತ್ರ ಬಂತು. ಫೋಟೋ ಅವರಿಗೂ ತಲುಪಿತ್ತು. ಅಭಿನಂದನೆ ಹೇಳಿ, ಉಳಿದ ಎಲ್ಲ ಶಾಖೆಗಳೂ ಪೀಣ್ಯದ ಮಾದರಿಯಲ್ಲಿ ಮೂರು ಇಂಗುಗುಂಡಿ ತೋಡಬೇಕೆಂದು ಆದೇಶಿಸಿದ್ದರು. ಪೈಪು ಸಿಕ್ಕಿದ್ದು ನಾಲ್ಕನೇ ಗುಂಡಿಯಲ್ಲಿ. ಫೋಟೋದಲ್ಲಿ ಮೂರೇ ಇದ್ದದ್ದರಿಂದ ಉಪಯೋಗಕ್ಕೆ ಬಂದ ಆ ಒಂದನ್ನು ಮಾತ್ರ ಮುಚ್ಚಿಸಿದೆವು.

ನೆಲದ ಮೇಲೆ

ಶೆಡ್ಡಿನ ಮೇಲ್ಗಡೆ, ಸುಮಾರು ಮೂರು ಮಾಳಿಗೆ ಎತ್ತರದಲ್ಲಿ, ಭಾರ ಎತ್ತುವ ಕ್ರೇನು ಹಳಿಯ ಮೇಲೆ ಓಡುತ್ತದೆ. ಅದರ ಕರೆಂಟು ಕೆಟ್ಟರೆ ಮೇಲೆ ಹತ್ತಿ ನೋಡಬೇಕು. ಎಲೆಕ್ಟ್ರಿಷಿಯನ್ ಯಾವಾಗಲೂ ಕೆಳಗೆ ನಿಂತು ಲೈನಿನ ಯಾರಾದರೊಬ್ಬ ಹೆಲ್ಪರನ್ನು ಹತ್ತಿಸಿ, "ಎಡಗಡೆ ಮೂರನೇ ವೈರು ಬಿಗಿ ಮಾಡು" ಎಂದು ಹೇಳುತ್ತಿದ್ದರು. ಕೆಳಗಿಂದಲೇ ಎಲ್ಲ ಹೇಳುವ ಇವರ ಜ್ಞಾನಕ್ಕೆ ನಾವು ಬೆರಗಾಗುತ್ತಿದ್ದೆವು.

ಈ ಸಲ ರಾಯಚೂರಿನ ಹುಡುಗಿ ಹತ್ತಿದಳು. ಬೆಲ್ಟು ಕಟ್ಟಿಕೊಂಡು ಸರಸರ ಮೇಲೆ ಹೋದಳು.

"ಎಡಗಡೆ ಮೂರನೇ ವೈರು ನೋಡು!" ಎಲೆಕ್ಟ್ರಿಷಿಯನ್ ಕೂಗಿದರು.

"ಸರ್, ಇಲ್ಲಿ ಎಡಕ್ಕ ಎರಡ ಅದಾವ್ರಿ!"

"ಮೂರಿರುತ್ತೆ. ಸರಿಯಾಗಿ ನೋಡು!"

"ಎರಡ ಅದಾವ್ರಿ ಸರ್! ನೀವ ಒಂದ ಸಲ ಬಂದು ನೋಡ್ರಿ!"

ಎಲೆಕ್ಟ್ರಿಷಿಯನ್ ತಮಗೆ ಮಂಡಿನೋವು ಎಂದರು. ಮಂಡಿನೋವು ಪ್ಲಂಬರಿಗೆ, ಇವರಿಗಲ್ಲ. ನಾನು ನೋಡುತ್ತಿದ್ದದ್ದು ನೋಡಿ, ಇವತ್ತು ಶನಿವಾರ, ಉಪವಾಸ ಎಂದರು. ಅವತ್ತು ಬುಧವಾರ. ಆಮೇಲೆ ನನ್ನನ್ನು ಕಂಬದ ಮರೆಗೆ ಕರೆದರು.

"ಮೇಡಂ, ಯಾರಿಗೂ ಹೇಳ್ಬೇಡಿ. ನಂಗೆ ಎತ್ತರ ಅಂದ್ರೆ ಆಗಲ್ಲ. ಸೇರಿದ ಹೊಸದ್ರಲ್ಲಿ ಒಂದ್ಸಲ ಅರ್ಧ ಹತ್ತಿದ್ದೆ, ಅಲ್ಲೇ ಅಪ್ಪಿಕೊಂಡು ಕೂತುಬಿಟ್ಟೆ. ಇಳಿಸೋಕೆ ನಾಲ್ಕು ಜನ ಬೇಕಾಯ್ತು. ನಮ್ಮನೆ ತಾರಸಿಗೂ ನಾನು ಹೋಗಲ್ಲ. ಬಟ್ಟೆ ಒಣಗಾಕೋದು ನನ್ನ ಹೆಂಡ್ತಿ."

"ಹಾಗಾದ್ರೆ ಮೂರನೇ ವೈರು ಅಂತ ಹೇಗೆ ಹೇಳ್ತಿದ್ರಿ?"

"ಏನಾದ್ರೂ ಒಂದು ಹೇಳ್ಬೇಕಲ್ಲ. ಹತ್ತಿದವನು ಎಲ್ಲಾನೂ ಒಂದ್ಸಲ ಬಿಗಿ ಮಾಡ್ತಿದ್ದ. ಸರಿಹೋಗ್ತಿತ್ತು."

ಹುಡುಗಿಗೆ ನಾವು ಹೇಳಲಿಲ್ಲ, ಆದರೆ ಅವಳಿಗೆ ಅರ್ಥವಾಯಿತು. ಏನೂ ಕೇಳದೆ ಮೇಲೆಯೇ ಫೋನಿನಲ್ಲಿ ವಿಡಿಯೋ ತೆಗೆದುಕೊಂಡು ಇಳಿದು ಬಂದಳು. "ನೋಡ್ರಿ ಸರ್, ಹಿಂಗ ಐತ್ರಿ" ಎಂದು ತೋರಿಸಿದಳು. ವಿಡಿಯೋದಲ್ಲಿ ವೈರುಗಳು ಬಂದವು, ಆಮೇಲೆ ಫೋನು ಸ್ವಲ್ಪ ವಾಲಿ ಕೆಳಗಿನ ನೆಲ ಕಂಡಿತು. ಎಲೆಕ್ಟ್ರಿಷಿಯನ್ ಕಂಬ ಹಿಡಿದುಕೊಂಡರು.

"ಆಫ್ ಮಾಡು ಮಗಾ, ಆಫ್ ಮಾಡು. ತಲೆ ಸುತ್ತುತ್ತೆ."

ಅವಳು ನನ್ನಿಂದ ಒಂದು ಹಾಳೆ ಇಸಿದುಕೊಂಡು ವೈರು, ಬೋಲ್ಟು ಎಲ್ಲದರ ಚಿತ್ರ ಬಿಡಿಸಿ, ಶೆಡ್ಡಿನ ನೆಲದ ಮೇಲೆ ಹಾಸಿದಳು. ಎಲೆಕ್ಟ್ರಿಷಿಯನ್ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರು. ಇಷ್ಟು ವರ್ಷ ತಾವು ರಿಪೇರಿ ಮಾಡಿಸಿದ್ದನ್ನು ಅವರು ಕಂಡದ್ದು ಅದೇ ಮೊದಲು. ತಪ್ಪು ಎಲ್ಲಿದೆ ಎಂದು ಒಂದೇ ನಿಮಿಷದಲ್ಲಿ ಬೆರಳಿಟ್ಟು ತೋರಿಸಿದರು.

"ಇಷ್ಟು ಸುಲಭಾನಾ ಇದು?" ಎಂದರು. "ಮೊದಲೇ ನೆಲದ ಮೇಲೆ ಇಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಮನೆಗೆ ಬಂದ ಪ್ಲಂಬರ್

ಬಿಜಾಪುರದವನು ಬಾಡಿಗೆಗಿದ್ದದ್ದು ಪ್ಲಂಬರ್ ಕಟ್ಟಿಸಿದ ಕೋಣೆಯಲ್ಲೇ. ಅವರ ಹೊಲವಿದ್ದ ಕಡೆ ಈಗ ಗೋಡೌನುಗಳು, ಮನೆಯ ಹಿಂದೆ ಸಾಲಾಗಿ ಬಾಡಿಗೆ ಕೋಣೆಗಳು. ಒಂದು ಭಾನುವಾರ ಪ್ಲಂಬರ್ ಹೆಂಡತಿ ಅವನನ್ನು ಊಟಕ್ಕೆ ಕರೆದರು. ಅವನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡ. "ಅಗೀಬಾರ್ದು ಕಣಪ್ಪ, ನುಂಗ್ಬೇಕು" ಎಂದು ಆಕೆ ಹೇಳಿಕೊಟ್ಟರು. ಆ ತರಬೇತಿ ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ.

ಕೈ ತೊಳೆಯಲು ಹೋದಾಗ ಬಚ್ಚಲಿನ ನಲ್ಲಿ ಟಪ್ ಟಪ್ ಎಂದು ಸೋರುತ್ತಿತ್ತು. ಕೆಳಗೆ ಇಟ್ಟಿದ್ದ ಬಕೆಟ್ಟಿಗೆ ಪಾಚಿ ಹಿಡಿದಿತ್ತು. ಅವನು ಕೋಣೆಗೆ ಹೋಗಿ ಪಾನಾ ತಂದು, ಒಳಗಿನ ರಬ್ಬರ್ ವಾಷರ್ ಬದಲಾಯಿಸಿ, ಎರಡು ನಿಮಿಷದಲ್ಲಿ ಸದ್ದು ನಿಲ್ಲಿಸಿದ. ಪ್ಲಂಬರ್ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಹೆಂಡತಿ ಅಲ್ಲಿಂದಲೇ ಅವರಿಗೆ ಕೇಳುವಂತೆ ಪಕ್ಕದ ಮನೆಯಾಕೆಗೆ ಕೂಗಿ ಹೇಳಿದರು:

"ಕೇಳ್ದ್ಯೇನಕ್ಕ? ನನ್ ಮದುವೆ ಆದಾಗಿಂದ ಕಾಯ್ತಿದ್ದೆ. ಇವತ್ತು ನಮ್ಮನೇಗೊಬ್ಬ ಪ್ಲಂಬರ್ ಬಂದ!"

ಬೀಳ್ಕೊಡುಗೆ

ಜೂನ್ ಕೊನೆಯ ದಿನ ಬಂತು. ವೇದಿಕೆಯ ಮೇಲೆ ಮೂರು ಕುರ್ಚಿ, ಮೂರು ಹಾರ, ಮೂರು ಶಾಲು. ಫಿಟ್ಟರ್ ಮಾತಾಡುತ್ತೇನೆಂದು ಮೈಕಿನ ಮುಂದೆ ನಿಂತವರು ಬರೀ ಕೈ ಮುಗಿದು ಕೂತರು. ಕೋಲಾರದವನು ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡ.

ಆಮೇಲೆ ಮ್ಯಾನೇಜರ್ ಎದ್ದರು. ಅವರ ಭಾಷಣ ಅರ್ಧ ಗಂಟೆ ದಾಟಿತು. ಕಂಪನಿಯ ಇತಿಹಾಸ ಮುಗಿದು ಭವಿಷ್ಯ ಶುರುವಾಗುವ ಹೊತ್ತಿಗೆ ಮೈಕ್ ಸತ್ತಿತು. ಅಭ್ಯಾಸಬಲ, ಹಾರ ಹಾಕಿಕೊಂಡಿದ್ದ ಮೂವರೂ ಒಟ್ಟಿಗೆ ಎದ್ದು ನಿಂತರು.

"ನೀವು ಕುಂದರ್ರಿ ಸರ್. ನಾವ ನೋಡ್ತೀವ್ರಿ" ಎಂದು ರಾಯಚೂರಿನ ಹುಡುಗಿ ವೇದಿಕೆಯ ಹಿಂದೆ ಹೋದಳು. ಮೂವರೂ ಕೂತರು. ಬೇರೆಯವರು ರಿಪೇರಿ ಮಾಡುವಾಗ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲೆಕ್ಟ್ರಿಷಿಯನ್ ಪಕ್ಕದಲ್ಲಿದ್ದ ಫಿಟ್ಟರ್ ಕಿವಿಯ ಹತ್ತಿರ ಬಗ್ಗಿ ಏನೋ ಹೇಳತೊಡಗಿದರು. ಅವರ ಮುಂದೆಯೂ ಒಂದು ಮೈಕ್ ಇತ್ತು. ಹುಡುಗಿಯ ಕೆಲಸ ಚುರುಕು. ಸರಿಯಾಗಿ ಅದೇ ಕ್ಷಣಕ್ಕೆ ಎಲ್ಲ ಮೈಕಿಗೂ ಜೀವ ಬಂದು, ಮುನ್ನೂರು ಜನರ ಸಭೆಗೆ ಎಲೆಕ್ಟ್ರಿಷಿಯನ್ ದನಿ ಕೇಳಿಸಿತು:

"...ಎಲ್ಲಾ ಕಲಿಸ್ದೆ ಕಣಯ್ಯ, ಇವ್ರ ಭಾಷಣದ ಮಧ್ಯೆ ಮೈಕ್ ಕೆಟ್ರೆ ನಿಧಾನಕ್ಕೆ ರಿಪೇರಿ ಮಾಡ್ಬೇಕು ಅನ್ನೋದೊಂದು ಹೇಳ್ಕೊಡೋದು ಮರ್ತೆ."

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮ್ಯಾನೇಜರ್ ಭವಿಷ್ಯವನ್ನು ಅಲ್ಲಿಗೇ ಬಿಟ್ಟರು.

ಗೇಟಿನಲ್ಲಿ ಪರೀಕ್ಷೆ

ಜುಲೈ ಬಂತು, ಲೈನ್ ನಿಲ್ಲಲಿಲ್ಲ. ಆಗಸ್ಟಿನಲ್ಲೂ ನಿಲ್ಲಲಿಲ್ಲ. ಮೂವರು ಹೊಸಬರು ಜೊತೆಗೂಡಿ ಹೇಗೋ ನಿಭಾಯಿಸಿದರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮೇನ್ ಪ್ಯಾನೆಲ್ಲಿನಿಂದ, ಅಂದರೆ ಇಡೀ ಶೆಡ್ಡಿಗೆ ಕರೆಂಟು ಹಂಚುವ ಬೀರುವಿನಿಂದ, ಸುಟ್ಟ ವಾಸನೆ ಬಂದು ಅರ್ಧ ಕಾರ್ಖಾನೆ ಕತ್ತಲಾಯಿತು. ರಾಯಚೂರಿನ ಹುಡುಗಿ ಕರೆಂಟು ಪೂರ್ತಿ ಕಡಿದು, ಬಾಗಿಲು ತೆಗೆದು ನೋಡತೊಡಗಿದಳು. ಮ್ಯಾನೇಜರಿಗೆ ಧೈರ್ಯ ಸಾಲಲಿಲ್ಲ. "ಹಳೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಈಗಲೇ ಬರಲಿ" ಎಂದರು.

ಫೋನ್ ಮಾಡಿದೆ. ಅವರು ಊಟದ ತಟ್ಟೆ ಬಿಟ್ಟು, ಮಗನ ಬೈಕಿನ ಹಿಂದೆ ಕೂತು ಕಾಲು ಗಂಟೆಯಲ್ಲಿ ಗೇಟಿಗೆ ಬಂದರು. ಆಮೇಲೆ ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ.

ಏನಾಯಿತೆಂದು ನನಗೆ ಗೊತ್ತಾದದ್ದು ಆಮೇಲೆ. ಗೇಟಿನಲ್ಲಿ ಹೊಸ ಸೇಫ್ಟಿ ಆಫೀಸರ್ ಇದ್ದರು. ಸೇರಿ ಒಂದು ವಾರವಾಗಿತ್ತು. ನಿಯಮದ ಮನುಷ್ಯ. ಗುರುತಿನ ಚೀಟಿ ಇಲ್ಲದ ಯಾರೇ ಬಂದರೂ ಇಪ್ಪತ್ತು ನಿಮಿಷದ ಸುರಕ್ಷತಾ ವಿಡಿಯೋ ನೋಡಿ, ಹತ್ತು ಪ್ರಶ್ನೆಯ ಪರೀಕ್ಷೆ ಬರೆದು ಪಾಸಾದ ಮೇಲೆಯೇ ಒಳಗೆ ಬಿಡಬೇಕು.

"ಸಾರ್, ಒಳಗೆ ಪ್ಯಾನೆಲ್ ಸುಟ್ಟಿದೆ. ನಂಗೆ ಈ ಫ್ಯಾಕ್ಟರಿ ಇಂಚಿಂಚೂ ಗೊತ್ತು" ಎಂದರಂತೆ ಎಲೆಕ್ಟ್ರಿಷಿಯನ್.

"ಎಲ್ರೂ ಹಂಗೇ ಹೇಳ್ತಾರೆ. ಕೂತ್ಕೊಳ್ಳಿ."

ಕೂತರು. ವಿಡಿಯೋ ಶುರುವಾಯಿತು. ಬಹಳ ವರ್ಷದ ಹಿಂದೆ ನಮ್ಮ ಕಾರ್ಖಾನೆಯಲ್ಲೇ ತೆಗೆದದ್ದು. ಅದರಲ್ಲಿ "ಹೀಗೆ ಮಾಡಬೇಡಿ" ಎನ್ನುವ ಭಾಗ ಬಂದಾಗ ಒಬ್ಬ ಮನುಷ್ಯ ಹವಾಯಿ ಚಪ್ಪಲಿ ಹಾಕಿಕೊಂಡು, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಬರಿಗೈಯಲ್ಲಿ ವೈರು ಎಳೆಯುತ್ತಿದ್ದ. ಸೇಫ್ಟಿ ಆಫೀಸರ್ ಪರದೆ ನೋಡಿದರು, ಎದುರು ಕೂತವರನ್ನು ನೋಡಿದರು.

"ಇದು ನೀವಾ?"

"ಹೌದು ಸಾರ್. ಆಗ ಕೂದಲಿತ್ತು."

"ಚೆನ್ನಾಗಿ ಆ್ಯಕ್ಟ್ ಮಾಡಿದೀರ."

"ಆ್ಯಕ್ಟಿಂಗ್ ಅಲ್ಲ ಸಾರ್. ನಾನು ಕೆಲಸ ಮಾಡ್ತಿದ್ದಾಗ ಬಂದು ತೆಗೆದುಬಿಟ್ರು."

ಸೇಫ್ಟಿ ಆಫೀಸರಿಗೆ ಇದ್ದ ಅನುಮಾನವೂ ಹೋಯಿತು. ಪರೀಕ್ಷೆ ಬರೆಯಲೇಬೇಕು ಎಂದು ಪ್ರಶ್ನೆಪತ್ರಿಕೆ, ಪೆನ್ನು ಕೊಟ್ಟು ಬಾಗಿಲು ಮುಚ್ಚಿದರು.

ಇತ್ತ ಒಳಗೆ ರಾಯಚೂರಿನ ಹುಡುಗಿ ಸಡಿಲವಾಗಿ ಕಪ್ಪಾಗಿದ್ದ ಒಂದು ಜೋಡಣೆ ಪತ್ತೆ ಮಾಡಿದಳು. ಸುಟ್ಟ ತುಂಡು ಕತ್ತರಿಸಿ, ಹೊಸದು ಹಾಕಿ, ಪ್ರತಿಯೊಂದು ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿ, ಎಲ್ಲರನ್ನೂ ಹಿಂದೆ ನಿಲ್ಲಿಸಿ ಸ್ವಿಚ್ ಹಾಕಿದಳು. ದೀಪಗಳು ಬಂದವು. ಮೆಷಿನ್‌ಗಳು ಒಂದೊಂದಾಗಿ ಎದ್ದವು. ಮ್ಯಾನೇಜರ್ ಕುರ್ಚಿ ಹುಡುಕಿಕೊಂಡು ಕೂತರು. ಹುಡುಗಿ ಕೈಗವಸು ಕಳಚಿ, "ಸರ್ ಬರ್ತೀನಂದಿದ್ರಲ್ರಿ, ಎಲ್ಲಿ ಅದಾರ್ರಿ?" ಎಂದು ಕೇಳಿದಳು.

ನಾನು ಗೇಟಿಗೆ ಓಡಿದೆ. ಎಲೆಕ್ಟ್ರಿಷಿಯನ್ ಬೆಂಚಿನ ಮೇಲೆ ಕೂತಿದ್ದರು. ಸೇಫ್ಟಿ ಆಫೀಸರ್ ಕೆಂಪು ಪೆನ್ನಿನಲ್ಲಿ ಪತ್ರಿಕೆ ತಿದ್ದಿ ಮುಗಿಸಿದ್ದರು.

"ಕೆಲಸ ಆಯ್ತು. ಅವಳೇ ಮಾಡಿದ್ಲು" ಎಂದೆ.

ಎಲೆಕ್ಟ್ರಿಷಿಯನ್ ಮುಖ ಅರಳಿತು. "ಒಬ್ಳೇ ಮಾಡಿದ್ಲಾ? ಮೊದ್ಲು ಮೇನ್ ಆಫ್ ಮಾಡಿದ್ಲಾ? ಗ್ಲೌಸ್ ಹಾಕಿದ್ಲಾ?" ಎಂದು ಒಂದೊಂದೇ ಕೇಳಿ, ಹೌದು ಎಂದಾಗಲೆಲ್ಲ ತಲೆಯಾಡಿಸಿದರು.

"ಇವರು ಫೇಲಾಗಿದ್ದಾರೆ ಮೇಡಂ" ಎಂದರು ಸೇಫ್ಟಿ ಆಫೀಸರ್ ನಡುವೆ ಬಾಯಿ ಹಾಕಿ. "ಒಂದೇ ಒಂದು ಮಾರ್ಕು ಕಮ್ಮಿ. ಈ ಕೊನೇ ಪ್ರಶ್ನೆಗೆ ಕೊಡಬೇಕೋ ಬೇಡವೋ ಗೊತ್ತಾಗ್ತಿಲ್ಲ. ನೀವೇ ನೋಡಿ ಹೇಳಿ."

ಪತ್ರಿಕೆ ತೆಗೆದುಕೊಂಡು ಓದಿದೆ. ಹತ್ತನೇ ಪ್ರಶ್ನೆ: ಕಾರ್ಖಾನೆಯಲ್ಲಿ ವಿದ್ಯುತ್ ಅವಘಡ ಸಂಭವಿಸಿದರೆ ಕೂಡಲೇ ಯಾರಿಗೆ ತಿಳಿಸಬೇಕು?

ಕೆಳಗೆ ದುಂಡನೆ ಅಕ್ಷರದಲ್ಲಿ ಬರೆದಿದ್ದರು: "ಯಾರಿಗೂ ಬೇಡ. ನನಗೆ ಆಗಲೇ ತಿಳಿಸಿದ್ದಾರೆ, ನಾನೂ ಬಂದಿದ್ದೇನೆ, ಗೇಟಿನಲ್ಲಿ ಪರೀಕ್ಷೆ ಬರೆಯುತ್ತಿದ್ದೇನೆ."